ಸಂಘದ ವಿಮಾನದಲ್ಲಿ ಬೀಗತಿ

೬ ಮಾರ್ಚ್ ೧೯೭೨, ಸೋಮವಾರ
ಬಾಣಂತಿಗೆ ಕೊಡುವ ಅಂಟಿನುಂಡೆಗೆ ಕೊಬ್ಬರಿ ತುರಿದೆ. ಅಳವಿ ಬೀಜ ಹಸನು ಮಾಡಿಟ್ಟೆ. ಲಂಡನ್ನಿನಲ್ಲಿರುವ ಮಗಳು ಹಂಪಮ್ಮನಿಗೆ ಮೇ ತಿಂಗಳು ಹೆರಿಗೆ. ಚೊಚ್ಚಲು. ದಿನಾ ಹಾರುವ ವಿಮಾನದ ಟಿಕೆಟ್ ನಮ್ಮಂಥವರ ಕೈಗೆ ಎಟುಕುವುದಲ್ಲ. ನಮ್ಮ ವಚನ ಪ್ರಚಾರ ಸಂಘದವರು ಊರೂರಿನ ಶಾಖೆ ಸೇರಿಸಿ ಇಡೀ ವಿಮಾನವನ್ನೇ ಗೊತ್ತು ಮಾಡಿದ್ದಾರೆ. ಚಾರ್ಟರ್ ಅಂತೆ. ಅರ್ಧಕ್ಕಿಂತ ಕಡಿಮೆ ದರ. ಆದರೆ ಆರು ತಿಂಗಳಿಗಿಂತ ಹಳೆಯ ಸದಸ್ಯರಿಗೆ ಮಾತ್ರ, ಕಂಡವರಿಗೆ ಸೀಟು ಕೊಡುವಂತಿಲ್ಲ. ನಾನು ಸಂಘ ಹುಟ್ಟಿದಾಗಿನವಳು. ಏಪ್ರಿಲ್ ಕೊನೆಗೆ ಬೊಂಬಾಯಿಯಿಂದ ಹೊರಡುವುದು.

೧೧ ಮಾರ್ಚ್
ಬೀಗತಿ ಗುರುಬಸಮ್ಮ ಸಿರುಗುಪ್ಪದಿಂದ ಬಂದಿದ್ದಳು. ಚಹಾ ಮುಗಿಸಿ ನಿಧಾನಕ್ಕೆ ಬಾಯಿಬಿಟ್ಟಳು —
"ನಾನೂ ಬರ್ತೀನ್ರಿ ಸುವರ್ಣಮ್ಮಾರ. ಮಗನ ಮನಿ, ನಾ ಇಲ್ದ ಹೆಂಗ? ಬಾಣಂತನ ನನಗ ಬಿಡ್ರಿ."
"ನೀವು ಸಂಘದಾಗ ಎಲ್ಲಿ ಅದೀರಿ?"
"ವಿರೂಪಾಕ್ಷಪ್ಪ ಮೊನ್ನಿ ಸೇರಿಸ್ಕೊಂಡಾರ್ರಿ. ಹಿಂದಿನ ತಾರೀಖು ಹಾಕ್ಯಾರ."
ವಿರೂಪಾಕ್ಷಪ್ಪ ನಮ್ಮ ಕಾರ್ಯದರ್ಶಿ, ಅವಳ ಅಣ್ಣನ ದೋಸ್ತ. ಅವಳಿಗೆ ಒಂದು ವಚನವೂ ನೆಟ್ಟಗೆ ಬರುವುದಿಲ್ಲ. ಮದುವೆಯಲ್ಲಿ ನನ್ನ ಅಡುಗೆಗೆ ಕೊಂಕು ತೆಗೆದವಳು... ಚೊಚ್ಚಲು ಬಾಣಂತನ ತಾಯಿಯದು. ಅವಳದಲ್ಲ.

೫ ಏಪ್ರಿಲ್, ಸಂಜೆ
ಮದರಾಸಿನಿಂದ ವಿಮಾನ ಇಲಾಖೆಯ ಆಫೀಸರ್ ಬಂದಿದ್ದ. ನಮ್ಮೂರ ಕೌಲ್ ಬಜಾರಿನ ಸಂಘದ ಕೋಣೆಯಲ್ಲಿ ವಿಚಾರಣೆ. ನಿಜವಾದ ಸಂಘವೋ, ವಿಮಾನಕ್ಕಾಗಿ ಜನ ಕೂಡಿಸಿದ್ದೋ ನೋಡಿ ಪರವಾನಗಿ ಕೊಡುತ್ತಾರಂತೆ. ತೆಲುಗಿನಲ್ಲಿ ನನ್ನನ್ನೇ ಕೇಳಿದ — ಎಲ್ಲರೂ ಹಳಬರೇ ತಾನೇ? ಗುರುಬಸಮ್ಮ ಎದುರಿಗೇ ಕೂತಿದ್ದಳು. ಹೇಳಿಬಿಟ್ಟೆ. ಈಕೆ ಸಂಘಕ್ಕೆ ಸೇರಿದ್ದು ಮೊನ್ನೆ ಮಾರ್ಚಿನಲ್ಲಿ ಅಂತ.
ಅವಳ ಮುಖ ನೋಡಬೇಕಿತ್ತು. ಟಿಕೆಟ್ ಇಲ್ಲದವರನ್ನು ಬಸ್ಸಿನಿಂದ ಇಳಿಸುವ ಹಾಗೆ ಇಳಿಸುತ್ತಾರೆ ಈಗ. ಮನೆಗೆ ಬಂದು ಒಂದು ರೊಟ್ಟಿ ಹೆಚ್ಚಿಗೇ ತಿಂದೆ.

೧೪ ಏಪ್ರಿಲ್
ಪರವಾನಗಿ ಇಲ್ಲ. ಇಡೀ ವಿಮಾನಕ್ಕೇ. ವಿರೂಪಾಕ್ಷಪ್ಪ ಅಂಗಳದಲ್ಲಿ ನಿಂತೇ ಹೇಳಿದ —
"ಹೊರಗಿನಾಕಿ ಒಬ್ಬಾಕಿ ಇದ್ರೂ ಅದು ಸಂಘದ ವಿಮಾನ ಅಲ್ಲಂತ್ರಿ. ಎಲ್ಲಾರಿಗೂ ಟಿಕೆಟ್ ಮಾರೋ ವಿಮಾನ ಆಗ್ತೈತಂತ. ಅದಕ್ಕ ಬ್ಯಾರೆ ಲೈಸೆನ್ಸ್. ಆಕಿ ಮ್ಯಾಲ ಸಿಟ್ಟಿದ್ರ ನನಗ ಹೇಳಬೇಕಿತ್ತು."
"ಸುಳ್ಳು ತಾರೀಖು ಹಾಕಿದಾವ್ರು ನೀವು, ನಾನಲ್ಲ" ಅಂದೆ. ನಮ್ಮ ಯಜಮಾನರು ಒಳಗೇ ಕೂತಿದ್ದರು. ಹೊರಗೆ ಬರಲೇ ಇಲ್ಲ. ಉಂಡೆ ಡಬ್ಬಿಯಲ್ಲೇ ಇದೆ.

೧೨ ಮೇ
ಟೆಲಿಗ್ರಾಂ. ಗಂಡು ಮಗು. ಇಬ್ಬರೂ ಕ್ಷೇಮ.

೨೯ ಮೇ
ಹಂಪಮ್ಮನ ಕಾಗದ. ಅಳಿಯನಿಗೆ ರಜೆ ಇಲ್ಲ. ಮೂರನೇ ದಿನಕ್ಕೇ ಎದ್ದು ಅಡುಗೆ ಮಾಡಿದ್ದಾಳೆ. ಮಗುವಿಗೆ ನೀರು ಹಾಕಲು ಹೆದರಿಕೆಯಂತೆ, ಒಬ್ಬಳೇ ಕೂತು ಅತ್ತಳಂತೆ. ಕೊನೆಗೆ ಬರೆದಿದ್ದಾಳೆ — ಅವ್ವಾ, ನೀ ಬರಲಿಲ್ಲ, ಹೋಗಲಿ. ನಮ್ಮತ್ತೀನಾದ್ರೂ ಕಳಿಸಬೇಕಿತ್ತು. ಆ ವಿಮಾನ ಯಾಕ ನಿಂತಿತು?
ಅಂದರೆ ಗುರುಬಸಮ್ಮ ಮಗ ಸೊಸೆಗೆ ನನ್ನ ಹೆಸರು ಹೇಳಿಲ್ಲ. ಯಾಕೆ ಹೇಳಲಿಲ್ಲ ಆ ಹೆಂಗಸು? ಅದಕ್ಕೇ ಅವಳ ಮೇಲೆ ಸಿಟ್ಟು ಇನ್ನಷ್ಟು ಹೆಚ್ಚಿದೆ.
ಉತ್ತರ ಬರೆಯಬೇಕು. ಮೊದಲು ಇಲ್ಲಿ ಬರೆದು ನೋಡುತ್ತೇನೆ.
ಚಿ. ಸೌ. ಹಂಪಮ್ಮನಿಗೆ ಆಶೀರ್ವಾದಗಳು. ವಿಮಾನ ನಿಂತದ್ದು ನಿನ್ನ ಅತ್ತೆಯಿಂದ. ಅವಳು ಸುಳ್ಳು ತಾರೀಖು ಹಾಕಿಸಿ ಸಂಘಕ್ಕೆ ಸೇರಿದ್ದಳು. ಅದನ್ನು ಆಫೀಸರಿಗೆ ಹೇಳಿದ್ದು...