ನಾಲ್ಕು ಖಾನೆಗಳ ಚಾರ್ಟು

ಮಾರ್ಚ್ ೧೪, ಮಧ್ಯಾಹ್ನ

ಮುದ್ದು ಪುಟ್ಟಿಗೆ,

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತೆನೆಂದು ಬೈಯಬೇಡ. ಈ ಕಾಗೆಕಾಲು ಗುಬ್ಬಿಕಾಲು ಅಕ್ಷರ ನನ್ನ ಎಡಗೈಯದು.

ಮೊದಲು ಖರ್ಚಿನ ಲೆಕ್ಕ ಒಪ್ಪಿಸಿಬಿಡುತ್ತೇನೆ. ಬಲಗೈ ಮಣಿಕಟ್ಟು ಒಂದು. ರಜೆ ಆರು ವಾರ. ಮೂವತ್ತೆರಡು ನರ್ಸುಗಳ ನಾಲ್ಕು ಮಧ್ಯಾಹ್ನದ ವಿಶ್ರಾಂತಿ. ನನ್ನ ಎತ್ತರದಲ್ಲಿ ಒಂದೂವರೆ ಇಂಚು.

ಆದದ್ದಿಷ್ಟು. ಜನವರಿಯಲ್ಲಿ ನಮ್ಮ ಆಸ್ಪತ್ರೆಯ ನಲವತ್ತು ದಾಟಿದ ನರ್ಸುಗಳಿಗೆಲ್ಲ ಮೂಳೆಯ ಸ್ಕ್ಯಾನ್ ಮಾಡಿದರು. ಒಂಬತ್ತು ಜನರ ಮೂಳೆ ಟೊಳ್ಳಾಗುತ್ತಿದೆ ಎಂದು ಪಟ್ಟಿ ಬಂತು. ಎಲ್ಲರಿಗೂ ಒಳ್ಳೆಯ ಅಭ್ಯಾಸ ಕಲಿಸುವ ಕೆಲಸ ನನ್ನ ತಲೆಗೆ ಬಿತ್ತು. ನೆಲ ಒರೆಸಲು ಸೇರಿ ಹೆಡ್ ನರ್ಸ್ ಆದವಳಿಗೆ ಬಾಯಿಯೇ ಬಂಡವಾಳ ತಾನೆ? ಹಾಲು-ಮೊಸರು, ಸೊಪ್ಪು, ಕಾಲು ಗಂಟೆ ಬಿಸಿಲು, ಲಿಫ್ಟ್ ಬಿಟ್ಟು ಮೆಟ್ಟಿಲು, ಎರಡು ನೀರಿನ ಬಾಟಲಿ ಹಿಡಿದು ತೋಳಿಗೆ ಕಸರತ್ತು ಎಂದೆಲ್ಲ ನಾಲ್ಕು ಮಧ್ಯಾಹ್ನ ಅವರ ವಿಶ್ರಾಂತಿಯ ಹೊತ್ತಿನಲ್ಲಿ ಹೇಳಿದೆ. "ಮೂಳೆ ಮೊದಲೇ ಬಾಯಿ ಬಿಡಲ್ಲ ಕಣ್ರೇ, ಮುರಿದಾಗಲೇ ಮಾತಾಡೋದು," ಎಂದಾಗ ನಕ್ಕರು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಚಾರ್ಟು ತೂಗುಹಾಕಿದೆ. ಒಬ್ಬೊಬ್ಬರಿಗೆ ದಿನಕ್ಕೆ ನಾಲ್ಕು ಖಾನೆ: ಊಟ, ಬಿಸಿಲು, ಮೆಟ್ಟಿಲು, ಕಸರತ್ತು. ನಾವು ಮಾಡಿದ ತಪ್ಪು ನಿನಗೆ ಬೇಗ ಅರ್ಥವಾಗುತ್ತದೆ, ನೀನೂ ಇದೇ ಕೆಲಸದವಳು. ಖಾನೆ ಖಾಲಿ ಬಿಡಬಾರದೆಂದು ನಮಗೆ ಮೊದಲ ದಿನದಿಂದ ಹೊಡೆದು ಕಲಿಸಿದ್ದಾರೆ. ಡ್ಯೂಟಿ ಮುಗಿಸಿ, ಚಪ್ಪಲಿ ಮೆಟ್ಟುತ್ತ, ಒಂದೇ ಉಸಿರಿಗೆ ನಾಲ್ಕು ಟಿಕ್. ದಿನವಿಡೀ ಅಕಾಲದ ಮಳೆ ಸುರಿದ ದಿನ ಆಪರೇಷನ್ ಥಿಯೇಟರಿನ ನರ್ಸು ಬಿಸಿಲು ಕಾಯಿಸಿಕೊಂಡಿದ್ದಳು! ನಾನು ಕೇಳಲಿಲ್ಲ. ಎಲ್ಲರಿಗಿಂತ ಮೊದಲು ಸುಳ್ಳು ಟಿಕ್ ಹಾಕಿದವಳು ನಾನೇ.

ಮೂರನೆಯ ವಾರ ಮೆಟ್ಟಿಲ ಮಹಿಮೆ ಹೇಳುತ್ತಲೇ ಇಳಿಯುತ್ತಿದ್ದೆ. ಕೊನೆಯ ಮೆಟ್ಟಿಲು ತಪ್ಪಿತು. ಕೈ ಊರಿದೆ. ಒಣಕಡ್ಡಿ ಮುರಿದ ಸದ್ದು. ನಿಂತಲ್ಲಿಂದ ಬಿದ್ದಷ್ಟಕ್ಕೇ ಮುರಿದರೆ ಅದು ನೆಲದ ತಪ್ಪಲ್ಲ, ಮೂಳೆಯ ತಪ್ಪು ಎಂದು ಹಿಂದಿನ ದಿನವಷ್ಟೇ ಪಾಠ ಮಾಡಿದ್ದೆ.

ಥಿಯೇಟರಿನ ನರ್ಸು ಎತ್ತಿ ಕೂರಿಸಿ, ಮೆಲ್ಲಗೆ ಕೇಳಿದಳು: "ಸಿಸ್ಟರ್, ನಿಮ್ದೆಲ್ಲ ಟಿಕ್ ಆಗಿತ್ತಲ್ವಾ?"

ಎತ್ತರ ಅಳೆದರು. ಯೂನಿಫಾರ್ಮ್ ಉದ್ದ ಹೊಲಿಯುತ್ತಾನೆಂದು ಎರಡು ವರ್ಷದಿಂದ ದರ್ಜಿಯನ್ನು ಬೈಯುತ್ತಿದ್ದೆನಲ್ಲ, ಅವನ ಕತ್ತರಿ ಸರಿಯಾಗಿಯೇ ಇತ್ತು. ಬೆನ್ನುಮೂಳೆ ಕುಸಿದು ಗಿಡ್ಡ ಆದದ್ದು ನಾನು.

ಹೆದರಿಕೆಯಾಗುತ್ತಿದೆ ಪುಟ್ಟಿ. ಸೀನು ಬಂದರೆ ಗೋಡೆ ಹಿಡಿದುಕೊಳ್ಳುತ್ತೇನೆ. ಬಚ್ಚಲಿಗೆ ಹೋಗುವ ಮುಂಚೆ ನೆಲ ಒಣಗಿದೆಯೇ ಎಂದು ಕಾಲಬೆರಳಿನಲ್ಲಿ ಮುಟ್ಟಿ ನೋಡುತ್ತೇನೆ. ನಿನ್ನ ಅಜ್ಜಿ ಬಾಗಿ ಬಾಗಿ ನಡೆಯುವಾಗ ಏನೋ ಬೀಳಿಸಿಕೊಂಡು ಹುಡುಕುತ್ತಿದ್ದಾಳೆ ಎಂದು ನಗುತ್ತಿದ್ದೆವು. ಮಂಚದಿಂದ ಇಳಿಯುವಾಗ ಸೊಂಟ ಮುರಿದವಳು ಮತ್ತೆ ಏಳಲೇ ಇಲ್ಲ.

ನೀನು ರಾತ್ರಿಪಾಳಿ ಮಾಡಿ, ಹಗಲು ಪರದೆ ಎಳೆದು ಮಲಗಿ, ಊಟದ ಬದಲು ಚಹಾ ಕುಡಿಯುವವಳು. ಪರದೆ ತೆಗೆ ಮಗಳೇ. ನೂರು ಕಾಲ ನೆಟ್ಟಗೆ ನಿಂತು ಬಾಳು.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಹೇಳಲು ಧೈರ್ಯ ಸಾಲಲಿಲ್ಲ. ಆ ಒಂಬತ್ತರಲ್ಲಿ ನಾನೂ ಒಬ್ಬಳು. ವರದಿ ಜನವರಿಯಿಂದ ನನ್ನ ಚೀಲದಲ್ಲೇ ಇತ್ತು. ಅದರ ಜೊತೆಗಿದ್ದ ಫಾರಮ್ಮಿನಲ್ಲಿ, 'ಹೆಣ್ಣುಮಕ್ಕಳಿದ್ದಾರೆಯೇ? ಇದ್ದರೆ ತಪಾಸಣೆಗೆ ಕಳಿಸಿ' ಎಂದಿತ್ತು. ಖಾನೆ ಖಾಲಿ ಬಿಡಬಾರದಲ್ಲ. 'ಇಲ್ಲ' ಎಂದು ಬರೆದೆ. ಇದ್ದಾಳೆ ಎಂದು ಬರೆದರೆ ನಿನಗೂ ಈ ರೋಗ ಬಂದುಬಿಡುತ್ತದೆ ಎನ್ನುವಂಥ ಭಯ. ನಿನ್ನೆ ಎಡಗೈಯಲ್ಲಿ ಅದನ್ನು ಹೊಡೆದುಹಾಕಿ, 'ಒಬ್ಬಳು' ಎಂದು ತಿದ್ದಿದೆ.

ಯಾರಿಗೆ ಏನು ದಕ್ಕಿತು ಎಂದರೆ: ಆಸ್ಪತ್ರೆಗೆ, ಭರ್ತಿಯಾದ ಒಂದು ಚಾರ್ಟು. ದರ್ಜಿಗೆ, ನನ್ನ ಕ್ಷಮೆ. ಥಿಯೇಟರಿನ ನರ್ಸಿಗೆ, ದಿನಾ ಕಾಲು ಗಂಟೆ ನಿಜವಾದ ಬಿಸಿಲು. ನನಗೆ, ಮಾತ್ರೆ ಮತ್ತು ಕೈಗೆ ಪಟ್ಟಿ. ನಿನಗೆ, ನಮ್ಮ ಆಸ್ಪತ್ರೆಯಲ್ಲಿ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ತಪಾಸಣೆ.