ರಟ್ಟೆಗೆ ಕಟ್ಟಿದ ಲಿಂಗ

ಆಳಂದ
ಸೋಮವಾರ, ೧೧ ನವೆಂಬರ್ ೨೦೨೪

ನನ್ನ ಪ್ರೀತಿಯ ಮೊಮ್ಮಗ ವಿಶ್ವಾ,

ಹೇಗಿದ್ದೀ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ, ಇಲ್ಲ ಸೊಲ್ಲಾಪುರದ ವಡಾಪಾವ್ ಮೇಲೇ ದಿನ ನೂಕುತ್ತಿದ್ದೀಯಾ? ನಾವೆಲ್ಲ ಇಲ್ಲಿ ಇದ್ದೇವೆ. ಸುಖವಾಗಿದ್ದೇವೆ ಎಂದು ಬರೆಯಲು ಕೈ ಏಳುತ್ತಿಲ್ಲ. ನಿನ್ನ ಆಯಿ ಶಿವಕಾಂತಾಗೆ ಚಳಿಗೆ ಮೊಣಕಾಲು ಹಿಡಿದುಕೊಂಡಿದೆ, ಬಾಯಿಗೆ ಮಾತ್ರ ಏನೂ ಆಗಿಲ್ಲ, ಅದರ ಪೂರಾ ಪ್ರಸಾದ ನನಗೇ. ನಿನ್ನ ಅವ್ವ ಸುನಿತಾ ನನ್ನ ಮುಂದೆ ಚಹಾ ಇಟ್ಟು ಮಾತಾಡದೆ ಒಳಗೆ ಹೋಗುತ್ತಾಳೆ. ನೀನು ಮನೆ ಬಿಟ್ಟು ಇವತ್ತಿಗೆ ಇಪ್ಪತ್ತಾರು ದಿನ, ಅವಳು ನನ್ನ ಜೊತೆ ಮಾತು ಬಿಟ್ಟೂ ಅಷ್ಟೇ ದಿನ, ನಡುವೆ ಆಡಿದ್ದು ಒಂದೇ ಒಂದು ಮಾತು. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯೆಂದು ನಿನ್ನ ಅಕ್ಕ ಭಾಗ್ಯಜ್ಯೋತಿ ಹೇಳಿದಳು. ಇರಲಿ ಬಿಡು. ಎಪ್ಪತ್ನಾಲ್ಕು ವರ್ಷದವನ ಬಾಯಿ ಮುಚ್ಚಿಸಲು ಒಂದು ಗುಂಡಿ ಒತ್ತಿದರೆ ಸಾಕೆಂದು ಗೊತ್ತಿದ್ದರೆ ನಿನ್ನ ಆಯಿ ಎಂದೋ ಒತ್ತಿರುತ್ತಿದ್ದಳು. ಅದಕ್ಕೇ ಈ ಕಾಗದ. ಹರಿದು ಹಾಕಬೇಡ, ಬೈಯಲು ಬರೆಯುತ್ತಿಲ್ಲ.

ಗುರುವಾರ ಖಜೂರಿಯ ಮಸೂದ ಮನೆಗೆ ಬಂದಿದ್ದ. ನಿನ್ನ ಸಾಲೆಯ ಗೆಳೆಯ ಎನ್ನುವುದಕ್ಕಿಂತ ನಮ್ಮ ಅಂಗಡಿಯ ತೊಗರಿ ಸೊಲ್ಲಾಪುರಕ್ಕೆ ಒಯ್ಯುವ ಲಾರಿಯವನು ಎಂದೇ ನನಗೆ ಅವನ ಗುರುತು. ಒಳಗೆ ಬಾ ಎಂದರೆ ಬರಲಿಲ್ಲ, ಬಾಗಿಲಲ್ಲೇ ನಿಂತ. “ಮುತ್ಯಾ, ಒಂದ ಮಾತ ಹೇಳ್ತೇನಿ, ಆಮ್ಯಾಲ ಹೊಡದ್ರೂ ಹೊಡೀರಿ” ಅಂದ. ಆಮೇಲೆ ಅವನು ಹೇಳಿದ್ದನ್ನು ಅವನ ಮಾತಲ್ಲೇ ಬರೆಯುತ್ತೇನೆ, ನನ್ನ ಮಾತಲ್ಲಿ ಬರೆಯಲು ನಾಚಿಕೆಯಾಗುತ್ತದೆ. “ವಿಶ್ವಾ ಲಿಂಗ ಬಿಟ್ಟಿಲ್ರಿ. ಎದಿ ಎರಡೂ ಕಡೆ ಗಂಟಾಗಿ ಹೆಣ್ಮಕ್ಕಳಂಗ ಉಬ್ಬ್ಯಾವ್ರಿ. ಲಿಂಗದ ಕರಡಗಿ ತಾಗಿದ್ರ ಜೀಂವ ಹೋದಂಗ ಆಗ್ತದ ಅಂತಾನ್ರಿ. ಅದಕ್ಕ ಅರಿವ್ಯಾಗ ಸುತ್ತಿ ರಟ್ಟೀಗಿ ಕಟ್ಕೊಂಡಾನ್ರಿ.” ಇನ್ನೂ ಒಂದು ವಿಷಯ ಹೇಳಿದ, ಅದನ್ನು ಆಮೇಲೆ ಬರೆಯುತ್ತೇನೆ. ನೀರು ಕೂಡ ಕುಡಿಯದೆ ಹೊರಟುಹೋದ.

ವಿಶ್ವಾ, ಆ ದಿನ ನಾನು ಮಾಡಿದ್ದು ನಿನಗೆ ಗೊತ್ತೇ ಇದೆ. ಆದರೂ ನನ್ನ ಕೈಯಿಂದಲೇ ಬರೆಯಬೇಕು. ಭಾಗ್ಯಜ್ಯೋತಿಯ ನಿಶ್ಚಿತಾರ್ಥ, ಬೀಗರೆಲ್ಲ ಪಂಕ್ತಿಯಲ್ಲಿ ಕೂತಿದ್ದಾರೆ, ಎಲೆಗೆ ಶೇಂಗಾ ಹೋಳಿಗೆ ಬಿದ್ದಿದೆ. ಬೀಗರ ಕಡೆಯ ದೊಡ್ಡಪ್ಪ ಎಂಬ ಹೆಸರಿನ ಹಿರಿಯ ನನ್ನ ಕಿವಿಯಲ್ಲಿ, “ನಿಮ್ಮ ಹುಡುಗನ ಎದಿ ಮ್ಯಾಲ ಕರಡಗೀನೇ ಕಾಣಂಗಿಲ್ಲಲ್ರಿ” ಅಂದ. ನನಗೆ ರಕ್ತ ತಲೆಗೇರಿತು. ಐದಾರು ವರ್ಷದಿಂದ ನೀನು ನಮ್ಮ ಸಾಲಿನಲ್ಲಿ ಬರಿಮೈಯಲ್ಲಿ ಲಿಂಗಪೂಜೆಗೆ ಕೂಡುತ್ತಿರಲಿಲ್ಲ, ಅಂಗಿ ತೊಟ್ಟು ಬಾಗಿಲು ಹಾಕಿಕೊಂಡು ಮಾಡುತ್ತಿದ್ದೆ. ಆ ಸಂಶಯವೂ ಸೇರಿತು. ಎದ್ದು ಬಂದವನೇ ಎಲ್ಲರ ಎದುರಿಗೆ ನಿನ್ನ ಅಂಗಿಯೊಳಗೆ ಕೈ ಹಾಕಿದೆ. ಐವತ್ತು ವರ್ಷ ದಲಾಲಿ ಮಾಡಿದವನು ನಾನು, ಚೀಲದೊಳಗೆ ಕೈ ಇಳಿಸಿ ಮುಷ್ಟಿ ತೊಗರಿ ತೆಗೆದು ಮಾಲು ಹೇಗಿದೆ ಎಂದು ಹೇಳುವವನು. ನಿನ್ನನ್ನೂ ಹಾಗೇ ನೋಡಿದೆ. ಎದೆಯ ಮೇಲೆ ಕರಡಿಗೆ ಇರಲಿಲ್ಲ. ನನ್ನ ಕೈ ಒತ್ತಿದಾಗ ನೀನು ನೋವಿನಿಂದ ಚೀರಿದೆ, ನಾನು ಅದನ್ನು ಸಿಕ್ಕಿಬಿದ್ದವನ ಚೀರಾಟ ಎಂದು ತಿಳಿದೆ. “ಲಿಂಗ ಇಲ್ಲದಂವಗ ನನ್ನ ಪಂಕ್ತ್ಯಾಗ ಜಾಗಾ ಇಲ್ಲ, ಏಳಲೇ” ಅಂದೆ. ನೀನು ಎದ್ದೆ. ಕೈ ತೊಳೆದು ಹೊರಟೆ.

ಆಗ ನಿನ್ನ ಎಡ ರಟ್ಟೆಯಲ್ಲಿ ಕಂಕುಳ ಹತ್ತಿರ ಲಿಂಗ ಇತ್ತು. ನನ್ನ ಕೈಗೆ ನಾಲ್ಕು ಬೆರಳು ದೂರ. ಹಿರಿಯರು ಲಿಂಗ ಧರಿಸಲು ಎದೆಯೊಂದನ್ನೇ ಹೇಳಿಲ್ಲ, ತಲೆ, ಕೊರಳು, ಕಂಕುಳು ಎಲ್ಲ ಹೇಳಿದ್ದಾರೆ, ನಾಭಿಗಿಂತ ಕೆಳಗೆ ಇಳಿಯಬಾರದು ಅಷ್ಟೇ. ಇದನ್ನು ನಿನಗೆ ಎಂಟನೆಯ ವರ್ಷದಲ್ಲಿ ತೊಡೆಯ ಮೇಲೆ ಕೂಡಿಸಿಕೊಂಡು ಹೇಳಿಕೊಟ್ಟವನು ನಾನೇ. ನೀನು ನೆನಪಿಟ್ಟುಕೊಂಡೆ, ನಾನು ಮರೆತೆ. ಸಿಟ್ಟಿನಲ್ಲಿ ಕೊಯ್ದ ಮೂಗು ಸಮಾಧಾನವಾದ ಮೇಲೆ ಬರುತ್ತದೆಯೇ ಎಂದು ಊರಿಗೆಲ್ಲ ಬುದ್ಧಿ ಹೇಳುವ ಅಣ್ಣಾರಾಯ ಸ್ವಂತ ಮೊಮ್ಮಗನ ಮೂಗನ್ನೇ ಕೊಯ್ದ.

ಮಸೂದ ಬಂದುಹೋದಾಗಿನಿಂದ ಹಿಂದಿನದೆಲ್ಲ ಬೇರೆಯೇ ಆಗಿ ಕಾಣುತ್ತಿದೆ. ಘತ್ತರಗಿಗೆ ಹೋದಾಗ ಎಲ್ಲರೂ ಭೀಮಾ ನದಿಗೆ ಇಳಿದರು, ನೀನೊಬ್ಬ ದಂಡೆಯ ಮೇಲೆ ಚಪ್ಪಲಿ ಕಾಯುತ್ತ ನಿಂತೆ. “ಹೆಂಗಸರಂಗ ಯಾಕ ನಾಚ್ತೀಲೇ” ಎಂದು ನಾನು ಕೂಗಿದ್ದೆ, ಎಲ್ಲರೂ ನಕ್ಕಿದ್ದರು. ಆಗ ನಿನಗೆ ಹದಿನಾಲ್ಕು. ಕಬಡ್ಡಿ ಬಿಟ್ಟೆ. ಮೇ ತಿಂಗಳ ಬಿಸಿಲಲ್ಲೂ ಬನಿಯನ್ ಮೇಲೆ ಬನಿಯನ್ ತೊಟ್ಟೆ, ಬೆನ್ನು ಬಾಗಿಸಿ ನಡೆಯತೊಡಗಿದೆ. ಎದೆ ಸೆಟೆಸಿ ನಡಿ ಎಂದು ಬೆನ್ನಿಗೆ ಗುದ್ದುತ್ತಿದ್ದವನೂ ನಾನೇ. ನಿಮ್ಮಪ್ಪ ಜಗದೇವ ಬದುಕಿದ್ದರೆ ಅವನ ಹತ್ತಿರವಾದರೂ ಹೇಳುತ್ತಿದ್ದೆಯೇನೋ. ಆರು ವರ್ಷ, ಮಗನೇ. ಒಂದೇ ಸೂರಿನ ಕೆಳಗೆ ಆರು ವರ್ಷ ನೀನೊಬ್ಬನೇ ಅದನ್ನು ಹೊತ್ತೆ.

ಶನಿವಾರ ಸುನಿತಾಳನ್ನು ಕರೆದುಕೊಂಡು ಕಲಬುರಗಿಗೆ ಹೋದೆ. ಡಾಕ್ಟರು ಹೆಣ್ಣುಮಗಳು, ವಯಸ್ಸು ನಿನ್ನ ಅವ್ವನಷ್ಟೇ. ಅವರ ಎದುರಿಗೆ ಈ ಮಾತು ಹೇಗೆ ಎತ್ತಲಿ ಎಂದು ನಾನು ತೊಗರಿಯ ಧಾರಣೆಯಿಂದ ಶುರು ಮಾಡಿದೆ. ಅವರೇ ನಕ್ಕು, “ಅಜ್ಜಾರ, ನೇರ ಹೇಳ್ರಿ” ಅಂದರು. ಹೇಳಿದೆ. “ಇವತ್ತು ಮುಂಜಾನಿಯಿಂದ ಇಂಥ ಇಬ್ಬರು ಹುಡುಗರನ್ನ ನೋಡೀನಿ” ಅಂದರು. ಕೇಳಿ ನನಗೆ ದಿಗ್ಭ್ರಮೆಯಾಯಿತು. ಅದಕ್ಕೆ ಗೈನೆಕೊಮಾಸ್ಟಿಯಾ ಎನ್ನುತ್ತಾರಂತೆ, ಚೀಟಿಯಲ್ಲಿ ಬರೆಸಿಕೊಂಡು ಬಂದಿದ್ದೇನೆ. ಪ್ರಾಯಕ್ಕೆ ಬರುವ ಹುಡುಗರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಎದೆಯೊಳಗಿನ ಗ್ರಂಥಿ ಸ್ವಲ್ಪ ಬೆಳೆಯುತ್ತದೆ, ಬಹಳ ಜನಕ್ಕೆ ಒಂದೆರಡು ವರ್ಷದಲ್ಲಿ ತಾನೇ ಇಳಿಯುತ್ತದೆ, ಆಗ ಏನೂ ಮಾಡಬೇಕಿಲ್ಲ, ನೋಡುತ್ತಿದ್ದರೆ ಸಾಕು ಎಂದರು. ನಿನಗೆ ಈಗ ಇಪ್ಪತ್ತು, ಇಷ್ಟು ವರ್ಷ ಉಳಿದದ್ದು ಗಟ್ಟಿಯಾಗಿಬಿಟ್ಟಿರುತ್ತದೆ, ಮಾತ್ರೆಗೆ ಕರಗುವುದು ಕಷ್ಟವಂತೆ. ನೋವಿದ್ದರೆ, ಅದರಿಂದ ಹುಡುಗ ಜನರಿಂದ ತಪ್ಪಿಸಿಕೊಂಡು ಬದುಕುವ ಹಾಗಾಗಿದ್ದರೆ, ಆಪರೇಶನ್ ವಿಚಾರ ಮಾಡಬಹುದು ಎಂದರು. ಮೊದಲು ರಕ್ತ ತಪಾಸಣೆ, ಥೈರಾಯ್ಡ್, ಲಿವರ್, ಬೀಜಗಳನ್ನೂ ನೋಡುತ್ತಾರೆ. ಬರಿಯ ಕೊಬ್ಬೋ, ಗ್ರಂಥಿಯೋ ಎಂದು ಕೈಯಿಂದ ನೋಡಿ ತಿಳಿಯುತ್ತಾರೆ, ನಿನ್ನನ್ನು ಕೇಳಿಯೇ ಮುಟ್ಟುತ್ತಾರೆ. ಒಂದೇ ಕಡೆ ಕಲ್ಲಿನಂಥ ಗಂಟಿದ್ದರೆ, ಮೊಲೆತೊಟ್ಟಿನಿಂದ ರಕ್ತ ಬಂದರೆ ಒಂದು ದಿನವೂ ತಡ ಮಾಡಬಾರದು ಎಂದೂ ಹೇಳಿದರು. ಹಾಗೇನಾದರೂ ಇದ್ದರೆ ಮುಚ್ಚಿಡಬೇಡಪ್ಪ.

ನಾನು ದಲಾಲಿಯ ಬುದ್ಧಿ ಬಿಡಲಿಲ್ಲ. ಆಪರೇಶನ್ ಮುಗಿಸಿಯೇಬಿಡಿ, ದಿನ ಹೇಳಿ, ಹುಡುಗನನ್ನು ತಂದು ಕೂಡಿಸುವುದು ನನ್ನ ಜವಾಬ್ದಾರಿ ಅಂದೆ. ಡಾಕ್ಟರು ಪೆನ್ನು ಕೆಳಗಿಟ್ಟರು. “ಮೈ ಅವಂದು ಅಜ್ಜಾರ. ಬ್ಯಾಡ ಅಂದ್ರ ಬ್ಯಾಡ. ಇದ್ರಿಂದ ಗಂಡಸ್ತನಕ್ಕೇನೂ ಕಡಿಮಿ ಆಗಂಗಿಲ್ಲ” ಅಂದರು. ಸುನಿತಾ ಇಪ್ಪತ್ನಾಲ್ಕು ದಿನದಲ್ಲಿ ಮೊದಲ ಸಲ ನನ್ನ ಕಡೆ ತಿರುಗಿ, “ಕೇಳಿದ್ರೀ?” ಅಂದಳು. ಕೇಳಿದೆ.

ಇನ್ನೊಂದು ವಿಷಯಕ್ಕೆ ನನಗೆ ಊಟ ಸೇರುತ್ತಿಲ್ಲ. ಜಿಮ್‌ನವನೊಬ್ಬ ನಿನಗೆ ಎದೆ ಇಳಿಸುವ ಮಾತ್ರೆ ಕೊಡುತ್ತಿದ್ದಾನೆ, ಬರುವ ವಾರ ಯಾರದೋ ಖೋಲಿಯಲ್ಲಿ ಇಂಜೆಕ್ಷನ್ ಮಾಡಿಸುತ್ತಾನೆ ಎಂದು ಮಸೂದ ಹೇಳಿದ. ಡಾಕ್ಟರಿಗೆ ಹೇಳಿದೆ, ಅವರ ಮುಖವೇ ಬದಲಾಯಿತು. ಅಂಥ ಕೆಲವು ಮಾತ್ರೆ, ಇಂಜೆಕ್ಷನ್‌ಗಳಿಂದಲೇ ಗ್ರಂಥಿ ಇನ್ನೂ ಬೆಳೆಯುತ್ತದಂತೆ, ಲಿವರ್ ಕೂಡ ಕೆಡುತ್ತದಂತೆ. ಆಪರೇಶನ್ ಬೇಡವಾದರೆ ಬಿಡು, ಮನೆಗೆ ಬರದಿದ್ದರೂ ಬಿಡು, ಆ ಇಂಜೆಕ್ಷನ್‌ಗೆ ಮಾತ್ರ ಕೈ ಚಾಚಬೇಡ. ನಿನ್ನ ಕಾಲಿಗೆ ಬೀಳು ಅಂದರೂ ಬೀಳುತ್ತೇನೆ. ಹಿರಿಯರು ಹಾಗೆ ಬರೆಯಬಾರದು, ಗೊತ್ತು.

ನಿನ್ನೆ ಬೀಗರ ಮನೆಗೆ ಹೋಗಿ ಆ ದೊಡ್ಡಪ್ಪನ ಎದುರಿಗೇ ಹೇಳಿ ಬಂದೆ, ನನ್ನ ಮೊಮ್ಮಗನ ಮೈಮೇಲೆ ಲಿಂಗವಿತ್ತು, ಕಣ್ಣಿಲ್ಲದವನು ನಾನು ಎಂದು. ಯಾಕೆ ರಟ್ಟೆಗೆ ಕಟ್ಟಿದ್ದ ಎಂದು ಅವರು ಕೇಳಿದರು. ಅದು ಅವನ ವಿಷಯ ಎಂದು ಎದ್ದು ಬಂದೆ. ನಿನ್ನ ಅವ್ವ, ಡಾಕ್ಟರು ಬಿಟ್ಟರೆ ನಿನ್ನ ಗುಟ್ಟನ್ನು ಯಾರಿಗೂ ಹೇಳಿಲ್ಲ, ಭಾಗ್ಯಜ್ಯೋತಿಗೂ ಇಲ್ಲ. ಅವಳು ನೀನಿಲ್ಲದೆ ಅಕ್ಷತೆಗೆ ನಿಲ್ಲುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ಅವಳಿಗೆ ಸಮಾಧಾನ ಹೇಳುವುದು ನನ್ನ ಪಾಲಿನ ಕೆಲಸ, ಅದನ್ನು ನಿನ್ನ ತಲೆಗೆ ಹಾಕಿಕೊಳ್ಳಬೇಡ.

ಈ ಕಾಗದವನ್ನು ಮಸೂದನ ಕೈಯಲ್ಲಿ ಕೊಡುತ್ತೇನೆ. ಆಯಿ, ಅವ್ವ, ಅಕ್ಕ ಮೂವರೂ ನಿನ್ನನ್ನು ಕೇಳಿದ್ದಾರೆ. ಬಸವಣ್ಣ ನಿನ್ನನ್ನು ಕಾಯಲಿ. ನನ್ನಿಂದ ತಪ್ಪಾಯಿತು ವಿಶ್ವಾ. ಈ ಮಾತು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ, ನಿನ್ನ ಆಯಿಗೂ ಸಹ.

ನಿನ್ನ ಮುತ್ಯಾ,
ಅಣ್ಣಾರಾಯ

ತಾ.ಕ.: ಮಂಗಳವಾರ ಮುಂಜಾನೆ. ಗಡಿ ದಾಟಿದ್ದೇವೆ, ಲಾರಿ ಅಲುಗುತ್ತಿದೆ, ಅಕ್ಷರ ಸೊಟ್ಟಗಾದರೆ ಸಿಟ್ಟಾಗಬೇಡ. ಕಾಗದ ಕೊಡಲು ಹೋದವನು ಮಸೂದನ ಪಕ್ಕ ಹತ್ತಿ ಕೂತುಬಿಟ್ಟೆ. ನೀನು ಇದನ್ನು ಓದುವಾಗ ನಾನು ನಿನ್ನ ಖೋಲಿಯ ಕೆಳಗಿನ ಟೈರ್ ಅಂಗಡಿಯ ಎದುರಿಗೆ, ರಸ್ತೆಯ ಆಚೆ, ಲಾರಿಯಲ್ಲೇ ಕೂತಿರುತ್ತೇನೆ. ಕಲಬುರಗಿಯ ಡಾಕ್ಟರು ನಾಳೆ ಹನ್ನೊಂದಕ್ಕೆ ನಿನ್ನ ಹೆಸರು ಬರೆದುಕೊಂಡಿದ್ದಾರೆ, ಬರಿಯ ತಪಾಸಣೆಗೆ. ಮನಸ್ಸಿದ್ದರೆ ಕೆಳಗೆ ಬಾ. ಇಲ್ಲದಿದ್ದರೆ ಮಸೂದನಿಗೆ ಇಲ್ಲ ಅನ್ನು, ಮುಖ ತೋರಿಸದೆ ಹಿಂದಿರುಗುತ್ತೇನೆ. ಮೆಟ್ಟಿಲು ಹತ್ತಿ ನಿನ್ನ ಖೋಲಿಗೆ ಬರುವುದಿಲ್ಲ. ಕೇಳದೆ ನಿನ್ನನ್ನು ಮುಟ್ಟುವುದಿಲ್ಲ. ಸಂಜೆಯವರೆಗೆ ಇಲ್ಲೇ ಇರುತ್ತೇನೆ.