ಹೆಣವಿಲ್ಲದ ಹಾಡು

ದೇವಣಗಾಂವ
೧೨ ನವೆಂಬರ್ ೨೦೨೪, ಮಂಗಳವಾರ

ಪ್ರೀತಿಯ ಮಗ ಸಿದ್ದಾರೂಢನಿಗೆ,

ಮೈ ಹೇಗಿದೆಯಪ್ಪ? ಊಟ ಸೇರುತ್ತದೆಯೇ? ಬರುವ ಸೋಮವಾರ ಆಪರೇಷನ್ ಎಂದು ಸೊಸೆ ಯಶೋಧಾ ಫೋನಿನಲ್ಲಿ ಹೇಳಿದಳು. ನಾನು ಅಂಗಳಕ್ಕೆ ಹೋಗಿ ಕೇಳಿಸಿಕೊಂಡೆ. ನೀನು ಸೊಲ್ಲಾಪುರಕ್ಕೆ ಹೋದದ್ದು ದವಾಖಾನೆಗಲ್ಲ, ಶೂಟಿಂಗಿಗೆ ಎಂದೇ ನಿನ್ನ ಅವ್ವನಿಗೆ ಹೇಳಿದ್ದೇನೆ. ಫೋನ್ ಹಿಡಿದರೆ ಸಾಕು, ಅವಳು ಪಕ್ಕದಲ್ಲಿ ಬಂದು ಕೂರುತ್ತಾಳೆ. ಅದಕ್ಕೇ ಈ ಕಾಗದ. ನಿನ್ನ ಕ್ಯಾಮೆರಾದ ಮಲಿಕಸಾಬ ಇಂದು ನಿನ್ನನ್ನು ನೋಡಲು ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಇಂಡಿ ಸಂತೆಯಿಂದ ಒಂದು ಚೀಲ ನಿಂಬೆಹಣ್ಣು ತಂದಿದ್ದಾನೆ. ದವಾಖಾನೆಯಲ್ಲಿ ಯಾರ್‍ಯಾರಿಗೆ ಹಂಚುತ್ತಾನೋ, ಪುಣ್ಯಾತ್ಮ!

ಮೂವತ್ತು ವರ್ಷ ಮಾಸ್ತರಿಕೆ ಮಾಡಿದ ನನಗೆ, ನೀನು ಮಂದಿಯ ಬದುಕು ಬರೆಯುವುದನ್ನೇ ಕೆಲಸ ಮಾಡಿಕೊಂಡಾಗ ಅದೆಂಥ ಕೆಲಸವೆಂದೇ ತಿಳಿದಿರಲಿಲ್ಲ. ನಿಡಗುಂದಿಯಲ್ಲಿ ಹೊಲ ಮುಳುಗಿದ ಮುದುಕನ ಹಿಂದೆ ಮೂರು ವರ್ಷ ತಿರುಗಿ ಒಂದು ಪುಸ್ತಕ ಬರೆದೆ. ಮುದ್ದೇಬಿಹಾಳದಲ್ಲಿ ಕೌದಿ ಹೊಲಿಯುವವಳ ಚಿತ್ರಕ್ಕೆ ಎರಡು ವರ್ಷ ಕಳೆದೆ. ನಿನ್ನ ಅವ್ವ ನಗುತ್ತಿದ್ದಳು: “ಮೂರ ವರ್ಷ ಯಾಕ ಬೇಕೋ? ನಾ ಹೆಣದ ಮುಂದ ಕುಂತ್ರ ಅರ್ಧಾ ತಾಸಿನಾಗ ಅವನ ಜಲ್ಮಾ ಪೂರಾ ಹೇಳಿ ಏಳ್ತೇನಿ.” ಸುಳ್ಳಲ್ಲ. ಸತ್ತವನು ಹುಟ್ಟಿದ್ದು, ಅವನ ಲಗ್ನ, ಅವನು ಸಾಕಿದ ಎತ್ತು, ತಮ್ಮನ ಜೊತೆ ಮಾತು ಬಿಟ್ಟದ್ದು, ಎಲ್ಲವನ್ನೂ ಹಾಡಿ ಅಳುವವಳು ಈ ಸುತ್ತಿನಲ್ಲಿ ಅವಳೊಬ್ಬಳೇ. ಈ ವಿದ್ಯೆ ನಿನಗೆ ಅವಳಿಂದಲೇ ಬಂತೆಂದು, ಅವಳ ಮೇಲೊಂದು ಚಿತ್ರ ಮಾಡುತ್ತೇನೆಂದು ನೀನು ಅಂದಾಗ ನಾನೂ ಹಿಗ್ಗಿದೆ.

ಆ ಚಿತ್ರ ತೆಗೆದ ದಿನವನ್ನು ಎಷ್ಟು ಸಲ ನೆನೆದರೂ ನನ್ನ ತಪ್ಪೇ ಕಾಣುತ್ತದೆ. ಸಾವಿನ ಮನೆಗೆ ಕ್ಯಾಮೆರಾ ಒಯ್ಯಲು ನಿನಗೆ ಮನಸ್ಸಿರಲಿಲ್ಲ. “ಹೆಣಾ ಇಲ್ಲದ ಹ್ಯಾಂಗ ಅಳ್ಲೋ ಮಗನ? ಗ್ವಾಡಿ ಮುಂದ ಅಳ್ಲೇನು?” ಎಂದು ಅವಳು ಕೇಳಿದಳು. ನೀನು ಕಂಬಳಿ ಹಾಸಿ ಮಲಗಿಯೇಬಿಟ್ಟೆ. “ನನ್ನ ಹೆಸರ ಹಿಡದ ಅಳಬೇ ಯವ್ವಾ. ನನ್ನ ಕತಿ ನಿನಗ ಬಾಯಿಪಾಠ ಐತಿ.” ಅವಳು “ಹುಚ್ಚಪ್ಯಾಲಿ!” ಎಂದು ಬೆನ್ನಿಗೊಂದು ಕೊಟ್ಟಳು. ಬದುಕಿರುವವರ ಹೆಸರು ಹಿಡಿದು ಅಳಬಾರದೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆದರೂ ಮಗ ಕೇಳಿದನೆಂದು ನಗುನಗುತ್ತ ಶುರು ಮಾಡಿದಳು. ನಾಲ್ಕನೆಯ ಸೊಲ್ಲಿಗೆ ನಗು ಹೋಯಿತು. ನೀನು ತಡವಾಗಿ ಮಾತು ಕಲಿತದ್ದು, ಭೀಮಾ ಹೊಳೆಯ ಸೆಳವಿಗೆ ಸಿಕ್ಕಿದ್ದು, ಯಶೋಧಾಳನ್ನು ಹೇಳದೆ ಕೇಳದೆ ಮದುವೆಯಾಗಿ ಬಾಗಿಲಲ್ಲಿ ನಿಂತದ್ದು, ಎಲ್ಲವೂ ಬಂತು. ಕೊನೆಗೆ ಮಣ್ಣಿಗೆ ಒಯ್ಯುವ ಸೊಲ್ಲೂ ಬಂತು. ಮಲಿಕಸಾಬ ಕಣ್ಣೊರೆಸಿಕೊಂಡ. ನಾನು? ಅವಳ ಮುಖಕ್ಕೆ ಬಿಸಿಲು ಬೀಳಲೆಂದು ಥರ್ಮಾಕೋಲ್ ಹಾಳೆ ಹಿಡಿದು ಅಲುಗಾಡದೆ ನಿಂತಿದ್ದೆ.

ಬಸವನ ಬಾಗೇವಾಡಿಯಲ್ಲಿ ತೋರಿಸಿದಾಗ ಜನ ಎದ್ದುನಿಂತು ಚಪ್ಪಾಳೆ ಹೊಡೆದರು. ನೀನು ಮಾಡಿದ್ದರಲ್ಲೆಲ್ಲ ಅದೇ ಒಳ್ಳೆಯದೆಂದು ನೀನೂ ಅಂದೆ. ನೀನು ಅದನ್ನು ಇಂಟರ್ನೆಟ್ಟಿಗೆ ಹಾಕಿದೆ, ಈಗ ಎಲ್ಲರ ಫೋನಿನಲ್ಲೂ ಅದೇ ಓಡುತ್ತದೆ. ಆರು ತಿಂಗಳಿಗೆ ನಿನ್ನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ನಾನು ಮಕ್ಕಳಿಗೆ ವಿಜ್ಞಾನ ಕಲಿಸಿದ ಮನುಷ್ಯ.

ಮೊನ್ನೆ ನಮ್ಮ ಓಣಿಯ ಗುಂಡವ್ವನ ಗಂಡ ಯಂಕಪ್ಪ ತೀರಿಕೊಂಡ. ನಿನ್ನ ಅವ್ವ ಹೋಗಿ ತಲೆಯ ಹತ್ತಿರ ಕುಳಿತವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮಣ್ಣಾಗುವತನಕ ಒಂದು ಸೊಲ್ಲೂ ಎತ್ತಲಿಲ್ಲ. “ಸಿನಿಮಾ ಆದಮ್ಯಾಗ ಲಕ್ಕವ್ವಗ ಸೊಕ್ಕ ಬಂತ ನೋಡ್ರಿ” ಎಂದು ಹೆಂಗಸರು ಆಡಿಕೊಂಡರು. ಮನೆಗೆ ಬಂದು ಕೇಳಿದರೆ ಗಂಟಲು ನೋವೆಂದಳು.

ಧೈರ್ಯದಿಂದಿರು. ಯಶೋಧಾಳಿಗೂ ಹೊತ್ತಿಗೆ ಸರಿಯಾಗಿ ಉಣ್ಣಲು ಹೇಳು. ಬಸವಣ್ಣ ನಿನ್ನ ಬೆನ್ನಿಗಿರಲಿ.

ನಿನ್ನ ಅಪ್ಪ,
ಚನ್ನಬಸಯ್ಯ

ತಾ.ಕ.: ಮಲಿಕಸಾಬ ಹೊರಗೆ ಗಾಡಿ ಚಾಲೂ ಮಾಡಿ ನಿಂತಿದ್ದಾನೆ. ಲಕೋಟೆ ಅಂಟಿಸುವಾಗ ನಿನ್ನ ಅವ್ವ ಬಂದು, “ಸೋಮವಾರ ಎಷ್ಟಕ್ಕ ಒಳಗ ಒಯ್ತಾರಂತ್ರಿ?” ಎಂದಳು. ಎಂಟು ದಿನದಿಂದ ಅವಳಿಗೆಲ್ಲ ಗೊತ್ತಂತೆ. ಹಾಗಾದರೆ ಸೊಲ್ಲಾಪುರಕ್ಕೆ ನಡೆ ಎಂದೆ. “ನಾ ಬರಂಗಿಲ್ರಿ. ಅವನ ಮಾರಿ ನೋಡಿದ್ರ ಅಳು ಬರ್ತೈತಿ. ಅಳಾಕ ಬಾಯಿ ತಗದ್ರ ಆ ಹಾಡನ ಬರ್ತೈತಿ. ಅದು ಇನ್ನೂ ನಿಂತಿಲ್ಲ, ಮಂದಿ ಫೋನಿನಾಗ ನಡದ ಐತಿ” ಎಂದಳು. ನಾನು ಇದನ್ನೆಲ್ಲ ನಂಬುವುದಿಲ್ಲ, ಆದರೂ ಕೇಳುತ್ತೇನೆ. ಸೋಮವಾರಕ್ಕೆ ಮೊದಲು ಆ ಚಿತ್ರವನ್ನು ಅಳಿಸಿಬಿಡು, ಸಿದ್ದು. ನಿನ್ನ ಅವ್ವ ಒಮ್ಮೆ ಅಳಬೇಕು.